ಮಾಳಿಗೆ ಮೇಲಿನ ಕಥೆಯಿಂದ ಪುಣೆಯ ಫಿಲಂ ಸ್ಕೂಲಿಗೆ

ಗಂಗಾವತಿ, ಕುಷ್ಟಗಿ ಕಡೆಯ ಹುಡುಗರು ಇತ್ತೀಚೆಗೆ ಮೆಸೇಜ್ ಮಾಡಿ ಕೇಳುತ್ತಾರೆ, "ಅಣ್ಣಾ, ಸಿನಿಮಾ ಕಲೀಬೇಕಂದ್ರ ಎಲ್ಲಿಗೆ ಹೋಗ್ಬೇಕ್ರಿ?" ಪುಣೆ, ಕೋಲ್ಕತ್ತಾ, ನಮ್ಮ ಹೆಸರಘಟ್ಟ ಅಂತ ಹೇಳುತ್ತೇನೆ. ಆದರೆ ಅಷ್ಟಕ್ಕೇ ಮಾತು ಮುಗಿಸೋಕೆ ಮನಸ್ಸು ಬರೋದಿಲ್ಲ. ಕೊಪ್ಪಳ ಜಿಲ್ಲೆಯವರಿಗೆ ಪರದೆ ಹೊಸದೇನಲ್ಲ, ಅಲ್ವಾ?

ನಾನು ಚಿಕ್ಕವನಿದ್ದಾಗ ಊರಿಗೆ ತೊಗಲುಗೊಂಬೆಯವರು ಬರುತ್ತಿದ್ದರು. ಗುಡಿ ಮುಂದೆ ಬಿಳಿ ಪರದೆ, ಅದರ ಹಿಂದೆ ದೀಪ, ರಾತ್ರಿಯಿಡೀ ರಾಮಾಯಣ. ಊರೆಲ್ಲ ಪರದೆ ಮುಂದೆ ಕೂತರೆ ನಾನು ಹಿಂದಕ್ಕೆ ನುಸುಳುತ್ತಿದ್ದೆ. ಆಡಿನ ಚರ್ಮವನ್ನು ಬೆಳಕು ಹಾಯುವಷ್ಟು ತೆಳುವಾಗಿ ಹದ ಮಾಡಿ, ಬಣ್ಣ ಹಚ್ಚಿ, ಒಡವೆ ಇರುವ ಕಡೆಯೆಲ್ಲ ಸಣ್ಣ ಸಣ್ಣ ತೂತು ಕೊರೆದಿರುತ್ತಾರೆ. ಆ ತೂತುಗಳಿಂದ ಬೆಳಕು ತೂರಿದಾಗಲೇ ಕಿರೀಟ ಹೊಳೆಯೋದು. ಗೊಂಬೆಯನ್ನು ಪರದೆಗೆ ಒತ್ತಿ ಹಿಡಿದರೆ ಒಂದೊಂದು ಗೆರೆಯೂ ಚೊಕ್ಕವಾಗಿ ಕಾಣುತ್ತೆ, ದೀಪದ ಕಡೆ ಸರಿಸಿದರೆ ನೆರಳು ದೊಡ್ಡದಾಗುತ್ತೆ, ಅಂಚು ಮಸುಕಾಗುತ್ತೆ. ರಾವಣ ಮೊದಲು ದೊಡ್ಡ ಮಸುಕು ನೆರಳಾಗಿ ಬರುತ್ತಿದ್ದ, ಆಮೇಲೆ ಒಮ್ಮೆಲೇ ಮುಖ ಪರದೆಗೆ ಅಂಟುತ್ತಿತ್ತು. ಮುಂದೆ ಕೂತ ಮಕ್ಕಳು ಚೀರುತ್ತಿದ್ದರು.

ಮರುದಿನ ಕರೆಂಟ್ ಹೋದಾಗ ಮಾಳಿಗೆ ಮೇಲೆ ಅದೇ ಕಥೆ ನಾನು ಹೇಳಬೇಕು. ಓಣಿ ಹುಡುಗರಿಗೆ ಯುದ್ಧವೇ ಬೇಕು. ಅಜ್ಜಿ ಮಾತ್ರ ಬಿಡುತ್ತಿರಲಿಲ್ಲ. "ಅಷ್ಟು ಲಗೂನ ಯುದ್ಧಕ್ಕ ಹೋಗಬ್ಯಾಡಪಾ, ಅಲ್ಲಿ ಸೀತವ್ವ ಒಬ್ಬಾಕಿನ ಹೆಂಗ ಕುಂತಾಳ ಅದನ್ನ ಹೇಳು." ಕೇಳುವವರನ್ನು ಕಾಯಿಸೋದು ಹೇಗೆ ಅನ್ನೋದನ್ನು ನನಗೆ ಕಲಿಸಿದ್ದು ಅವಳು.

ಡಿಗ್ರಿ ಮುಗಿಸಿ ಪುಣೆಯ ಫಿಲಂ ಸ್ಕೂಲಿಗೆ ಪ್ರವೇಶ ಪರೀಕ್ಷೆ ಬರೆದೆ. 1960ರಲ್ಲಿ ಹಳೇ ಪ್ರಭಾತ್ ಸ್ಟುಡಿಯೋ ಜಾಗದಲ್ಲಿ ಶುರುವಾದ ಸಂಸ್ಥೆ ಅದು, ನಮ್ಮ ಗಿರೀಶ್ ಕಾಸರವಳ್ಳಿ ಓದಿದ್ದೂ ಅಲ್ಲೇ. ಅಪ್ಪನಿಗೆ ಚಿಂತೆ ಇತ್ತು. ಆದರೂ ಹುಬ್ಬಳ್ಳಿವರೆಗೆ ಬಂದು ರೈಲು ಹತ್ತಿಸಿದರು. ಸಂದರ್ಶನದಲ್ಲಿ ಮನಸ್ಸಲ್ಲಿ ಉಳಿದ ಒಂದು ದೃಶ್ಯ ಹೇಳು ಅಂದಾಗ ನಾನು ಸಿನಿಮಾ ಹೆಸರು ಹೇಳಲಿಲ್ಲ, ಆ ರಾವಣನನ್ನೇ ಹೇಳಿದೆ.

ಫೋಕಸ್ ಬಗ್ಗೆ ಮೊದಲ ಪಾಠ ಕೇಳುವಾಗಲೂ ಅವನೇ ನೆನಪಾದ. ಲೆನ್ಸಿನ ಲೆಕ್ಕ ಬೇರೆ, ನಿಜ. ಆದರೆ ನೋಡುವವರ ಕಣ್ಣನ್ನು ಯಾವಾಗ, ಎಲ್ಲಿಗೆ ಕರೆದುಕೊಂಡು ಹೋಗಬೇಕು ಅನ್ನೋ ಪ್ರಶ್ನೆ ಎರಡೂ ಕಡೆ ಒಂದೇ. ಹಾಗಂತ ಫಿಲಂ ಸ್ಕೂಲ್ ಬೇಡ ಅಂತಲ್ಲ. ಶಬ್ದವನ್ನು ಬೇರೆಯಾಗಿ ಕೇಳೋದು, ಎಡಿಟಿಂಗ್‌ನಲ್ಲಿ ಒಂದು ಶಾಟ್ ಎಲ್ಲಿ ಸಾಕು ಅನ್ನೋದು, ನಮ್ಮ ಕೆಲಸವನ್ನು ಹತ್ತು ಜನರ ಮುಂದಿಟ್ಟು ಬೈಗುಳ ಕೇಳೋದು, ಇದೆಲ್ಲ ನನಗೆ ಅಲ್ಲೇ ಸಿಕ್ಕಿತು.

ನಮ್ಮ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ತೊಗಲುಗೊಂಬೆ ಆಟಕ್ಕಾಗಿ 2025ರಲ್ಲಿ ಪದ್ಮಶ್ರೀ ಬಂತು. ಆ ಸುದ್ದಿ ಓದಿ ಕಣ್ಣು ತುಂಬಿತು. ಅದರ ಜೊತೆಗೇ ಬೇಜಾರೂ ಆಯಿತು, ಯಾಕೆಂದರೆ ಸಿನಿಮಾ ಮಾಡಬೇಕು ಅನ್ನುವ ಎಷ್ಟೋ ಹುಡುಗರು ಈ ಆಟವನ್ನು ಒಮ್ಮೆಯೂ ನೋಡಿಲ್ಲ.

ಪುಣೆಯಲ್ಲಿ ನಿರ್ದೇಶನ ಕಲಿಯೋಕೆ ಮೊದಲು ಒಂದು ಡಿಗ್ರಿ ಬೇಕು. ಹಾಗಾಗಿ ಓದು ಬಿಡಬೇಡಿ. ಈ ನಡುವೆ ಸುತ್ತಮುತ್ತ ಎಲ್ಲಾದರೂ ಗೊಂಬೆಯಾಟ ಇದ್ದರೆ ಸುಮ್ನೆ ಹೋಗಿ, ಮೇಳದವರನ್ನು ಕೇಳಿ, ಅವರು ಒಪ್ಪಿದರೆ ಪರದೆ ಹಿಂದೆ ಕೂತು ಅವರ ಕೈ ನೋಡಿ.