ಟೋ ಸರಿ ಇತ್ತು, ಟೈರ್ ತಿಂದದ್ದು ಕಿಂಗ್ ಪಿನ್

ಮೂರು ಸಲ ಅಲೈನ್‌ಮೆಂಟ್ ಆದರೂ ಕಾರವಾರದ ಈ ಟೆಂಪೋ ಟ್ರಾವೆಲರ್ ಮೋಟರ್‌ಹೋಮ್ ಎಡ ಮುಂದಿನ ಟೈರನ್ನು ಒಳಅಂಚಿನಲ್ಲಿ ತಿನ್ನುತ್ತಲೇ ಇತ್ತು. ಕಾರಣ ಈ ವಾರ ಸಿಕ್ಕಿತು: ಕಿಂಗ್ ಪಿನ್ನಿನ (ಮುಂದಿನ ಚಕ್ರ ಸ್ಟೀರಿಂಗಿಗೆ ತಕ್ಕಂತೆ ಹೊರಳುವ ನಿಲುವು ಪಿನ್) ಕೆಳಗಿನ ಬುಶ್, ಅಂದರೆ ಪಿನ್ ಸುತ್ತಲಿನ ಕೊಳವೆ.

ಟ್ರೆಡ್ ಮೇಲೆ ಅಂಗೈ ಆಡಿಸಿದರೆ ಅರ್ಧ ಉತ್ತರ ಅಲ್ಲೇ ಇತ್ತು. ಒಳಗಿನಿಂದ ಹೊರಕ್ಕೆ ನುಣುಪು. ಹೊರಗಿನಿಂದ ಒಳಕ್ಕೆ ಎಳೆದರೆ ಗರಗಸದ ಹಲ್ಲು. ಅಂದರೆ ಓಡುವಾಗ ಟೋ-ಔಟ್, ಚಕ್ರಗಳ ಮುಂಭಾಗ ಹೊರಕ್ಕೆ ತೆರೆದಿದೆ. ನಿಂತ ಗಾಡಿಯಲ್ಲಿ ಮಾತ್ರ 2 ಮಿ.ಮೀ. ಟೋ-ಇನ್ (ಮುಂಭಾಗ ಒಳಕ್ಕೆ), ಪರದೆಯಲ್ಲಿ ಟೋ ಅಂಕಿ ಹಸಿರು! ಗಾಡಿ ಓಡುವಾಗ ರಸ್ತೆ ಚಕ್ರವನ್ನು ಹಿಂದಕ್ಕೆ ದೂಡುತ್ತದೆ, ಸಡಿಲವೆಲ್ಲ ಆ ಕಡೆಗೇ ಸರಿಯುತ್ತದೆ. ಜೊತೆಗೆ ಭಾರಕ್ಕೆ ಚಕ್ರದ ತಲೆ ಒಳಕ್ಕೆ ವಾಲುತ್ತದೆ. ಈ ವಾಲಿಕೆಯ ಅಳತೆ, ಅಂದರೆ ಕ್ಯಾಂಬರ್ ಅಂಕಿ, ಮೂರೂ ಪ್ರಿಂಟಿನಲ್ಲಿ ಕೆಂಪಾಗಿತ್ತು. ಬೀಮ್ ಆಕ್ಸಲ್ (ಎರಡೂ ಮುಂದಿನ ಚಕ್ರಕ್ಕೆ ಒಂದೇ ಗಟ್ಟಿ ತೊಲೆ) ಗಾಡಿಗೆ ಕ್ಯಾಂಬರ್ ಅಡ್ಜಸ್ಟ್‌ಮೆಂಟ್ ಇಲ್ಲವೆಂದು ಅಂಗಡಿಯವರು ಅದನ್ನು ಹಾಗೇ ಬಿಟ್ಟರು. ಅಡ್ಜಸ್ಟ್ ಮಾಡಲಾಗದ ಅಂಕಿ ಕೆಟ್ಟಿದ್ದರೆ ಏನೋ ಬಾಗಿದೆ, ಇಲ್ಲವೇ ಸವೆದಿದೆ.

ಆಕ್ಸಲ್ ಕೆಳಗೆ ಜಾಕಿ ಕೊಟ್ಟು, ಟೈರಿನ ನೆತ್ತಿ, ತಳ ಹಿಡಿದು ಅಲ್ಲಾಡಿಸಿ. ಇನ್ನೊಬ್ಬರು ಬ್ರೇಕ್ ಒತ್ತಿ ಹಿಡಿಯಲಿ. ಆಗ ಆಟ ನಿಂತರೆ ವೀಲ್ ಬೇರಿಂಗ್. ಆಗಲೂ ಟಕ್ ಟಕ್ ಅಂದರೆ ಕಿಂಗ್ ಪಿನ್. ಇಲ್ಲಿ ಟಕ್ ಟಕ್ ನಿಲ್ಲಲೇ ಇಲ್ಲ.

ಪಿನ್ ಹೊರಗೆ ಬಂದಾಗ ಮೇಲಿನ ಬುಶ್ ಗ್ರೀಸಿನಲ್ಲಿ ಮಿಂದಿತ್ತು, ಕೆಳಗಿನದರಲ್ಲಿ ಒಣ ಕೆಂಪು ಪುಡಿ. ಹಿಂದೆ ಕೂರಿಸಿದವರು ಈ ಬುಶ್‌ನ ತೂತನ್ನು ನಿಪ್ಪಲ್ (ಗ್ರೀಸ್ ಹೊಡೆಯುವ ಮೂತಿ) ದಾರಿಗೆ ಸೇರಿಸಿರಲಿಲ್ಲ. ಗನ್ನಿನಲ್ಲಿ ಎಷ್ಟು ಹೊಡೆದರೂ ಗ್ರೀಸ್ ಒಳಗೆ ಇಳಿದಿಲ್ಲ. ಉಪ್ಪುಗಾಳಿ, ಮಳೆನೀರು ಇಳಿದಿವೆ.

ಹುಬ್ಬಳ್ಳಿಯಿಂದ ಬಂದ ಕಿಟ್ಟಿನಲ್ಲಿ ಒಂದು ಬುಶ್‌ಗೆ ತೂತೇ ಇರಲಿಲ್ಲ. ಬದಲಿ ಬರಲು ಹತ್ತು ದಿನ ಹಾಳು. ಡಬ್ಬಿ ಬಿಚ್ಚಿ ನೋಡಿ ದುಡ್ಡು ಕೊಡಿ. ಬುಶ್ ಒತ್ತಿದ ಮೇಲೆ ನಿಪ್ಪಲ್ ಬಿಚ್ಚಿ, ತಂತಿ ತೂರಿಸಿ, ಅದು ಒಳಗೆ ಇಣುಕುತ್ತದೆಯೇ ನೋಡಿ. ರೀಮಿಂಗ್ (ಬುಶ್ ಒಳಗನ್ನು ಪಿನ್ ಅಳತೆಗೆ ಕೆರೆಯುವುದು) ಉದ್ದ ರೀಮರಿನಲ್ಲಿ, ಎರಡೂ ಬುಶ್‌ಗೆ ಒಂದೇ ಸಲ ಆಗಬೇಕು. ಬೇರೆಬೇರೆ ಮಾಡಿದರೆ ಪಿನ್ ಬಿಗಿಯುತ್ತದೆ, ದೇವಿಮನೆ ಘಟ್ಟದ ತಿರುವಿನಲ್ಲಿ ಸ್ಟೀರಿಂಗ್ ತಾನಾಗಿ ನೇರಕ್ಕೆ ಮರಳುವುದಿಲ್ಲ. ಗ್ರೀಸನ್ನು ಚಕ್ರ ಎತ್ತಿದಾಗಲೇ ಹೊಡೆಯಿರಿ, ಭಾರ ಹೊರುವ ಥ್ರಸ್ಟ್ ಬೇರಿಂಗಿಗೂ ಹೋಗುತ್ತದೆ.

ಕಡೆಯ ಅಲೈನ್‌ಮೆಂಟ್ ನೀರು, ಸಿಲಿಂಡರ್, ಹಾಸಿಗೆ ಎಲ್ಲ ತುಂಬಿಯೇ ಆಯಿತು. ಕ್ಯಾಂಬರ್ ಈಗ ಹಸಿರು. ಇನ್ನು ಪ್ರತಿ 1,000 ಕಿ.ಮೀ.ಗೆ ಟ್ರೆಡ್ಡಿನ ಒಳಅಂಚು, ನಡು, ಹೊರಅಂಚು ಮೂರೂ ಕಡೆ ಆಳ ಅಳೆಯಬೇಕು.

ಮುಂದಿನ ಕೆಲಸ ನೀರಿನ ಟ್ಯಾಂಕ್. 120 ಲೀಟರ್ ಅಂದರೆ 120 ಕೆ.ಜಿ., ಅಡುಗೆ ಕಟ್ಟೆಯ ಜೊತೆ ಪೂರ್ತಿ ಎಡಬದಿಗೇ ಕೂತಿದೆ. ಅದನ್ನು ನಡುವೆ, ಚಾಸಿಯ ಎರಡು ಉದ್ದ ಮೆಂಬರ್‌ಗಳ ನಡುವಿನ ಜಾಗಕ್ಕೆ ಇಳಿಸಬೇಕು. ಮೊದಲು ವೇಬ್ರಿಜ್ಜಿನಲ್ಲಿ ಎಡ ಚಕ್ರಗಳನ್ನಷ್ಟೇ ಹತ್ತಿಸಿ ತೂಕ, ಆಮೇಲೆ ಬ್ರಾಕೆಟ್ ಅಳತೆ.