ಅಜ್ಜಿಗೆ ಬಾಕ್ಸ್ ಯಾವ ದಿನ ಬರ್ತದೆ?

"ಅಜ್ಜಿ, ನಿಂಗೆ ಬಾಕ್ಸ್ ಯಾವ ದಿನ ಬರ್ತದೆ?"

ಮಾರ್ಚ್ ತಿಂಗಳ ಒಂದು ಭಾನುವಾರ. ಕೆನಡಾದ ಒಂಟಾರಿಯೊದಲ್ಲಿ ಬೆಳಗ್ಗೆ, ತೀರ್ಥಹಳ್ಳಿ ಕಡೆಯ ನಮ್ಮನೆಯಲ್ಲಿ ಸಂಜೆ. ವೀಡಿಯೊ ಕಾಲ್‌ನಲ್ಲಿ ಏಳು ವರ್ಷದ ಮಗಳು ಹೀಗೆ ಕೇಳಿದ್ದೇ ತಡ, ನಾನೂ ಇವರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ತೋಟದ ಮನೆ ಅಜ್ಜಿಗೆ ತರಕಾರಿ ಬಾಕ್ಸಂತೆ!

ಅಮ್ಮ ನಗಲಿಲ್ಲ. "ಮಂಗಳವಾರ, ಶುಕ್ರವಾರ ಬರ್ತದೆ ಪುಟ್ಟಿ. ಮೈಕ್ ಹಾಕ್ಕೊಂಡು ಬರ್ತದೆ" ಅಂದಳು.

ತರಕಾರಿ ಗಾಡಿಯ ಮಾತು ಅದು. ಶಿವಮೊಗ್ಗದಿಂದ ಕೋಸು, ಬೀನ್ಸ್, ಟೊಮೆಟೊ ತುಂಬಿಕೊಂಡು ಅರವತ್ತು ಕಿಲೋಮೀಟರ್ ಬರುವ ಗಾಡಿ. ಅಮ್ಮ ವಾರಕ್ಕೆರಡು ಸಲ ಗೇಟಿನ ಹತ್ತಿರ ಚೀಲ ಹಿಡಿದು ನಿಲ್ಲುತ್ತಾಳೆ ಅನ್ನೋದು ನನಗೆ ಅವತ್ತೇ ಗೊತ್ತಾಗಿದ್ದು. ನನ್ನ ನಗು ಅಲ್ಲಿಗೆ ನಿಂತಿತು.

ಮಗಳ ಬಾಕ್ಸ್ ಬೇರೆ. ಎದುರುಮನೆಯಲ್ಲಿ ಒಬ್ಬರೇ ಇರುವ ಹಿರಿಯರಿಗೆ ಬೇಸಿಗೆಯಲ್ಲಿ ಪ್ರತಿ ಗುರುವಾರ ಒಂದು ತೋಟದಿಂದ ಸಾವಯವ ತರಕಾರಿ ಪೆಟ್ಟಿಗೆ ಬಂದು ಬಾಗಿಲಲ್ಲಿ ಕೂರುತ್ತದೆ. ಅದರಲ್ಲಿ ಏನಿದೆ ಅಂತ ಇಣುಕಿ ನೋಡೋದು ನಮ್ಮ ಪುಟ್ಟಿಯ ಕೆಲಸ. ಈ ವರ್ಷ ನಾವೂ ಹಾಕಿಸಿಕೊಳ್ಳೋಣವಾ ಬೇಡವಾ ಅಂತ ಒಂದು ತಿಂಗಳಿಂದ ಮನೆಯಲ್ಲಿ ಚರ್ಚೆ ನಡೆದಿತ್ತು.

ಇವರ ಲೆಕ್ಕ ಸರಳ. ಅರ್ಧ ಪಾಲಿಗೆ, ಅಂದರೆ ಸಣ್ಣ ಪೆಟ್ಟಿಗೆಗೆ, ಇಪ್ಪತ್ತು ವಾರಕ್ಕೆ 450 ಡಾಲರ್. ನಮ್ಮ ರೂಪಾಯಿಯಲ್ಲಿ 27 ಸಾವಿರಕ್ಕೂ ಜಾಸ್ತಿ. ಅದೂ ಬೀಜ ಬಿತ್ತುವ ಮೊದಲೇ ಪೂರ್ತಿ ಕೊಡಬೇಕು. ಏನು ಬರುತ್ತದೆ ಅಂತ ಹೇಳುವುದಿಲ್ಲ, ಬೆಳೆ ಹೋದರೆ ದುಡ್ಡು ವಾಪಸ್ ಇಲ್ಲ. ಅದರ ಬದಲು ಆಪ್‌ನಲ್ಲಿ ತರಿಸಿದರೆ ಬೇಕಾದ್ದನ್ನೇ ಆರಿಸಬಹುದು, ಬೇಡದ ವಾರ ನಿಲ್ಲಿಸಬಹುದು. ಜನವರಿಯಲ್ಲೂ ಟೊಮೆಟೊ ಸಿಗುತ್ತದೆ, ಈಕ್ವೆಡಾರಿನ ಸಾವಯವ ಬಾಳೆಹಣ್ಣು ಸಿಗುತ್ತದೆ. ಮಾತು ಸರಿಯೇ. ನಾನು ಎದುರುಮನೆಯವರನ್ನು ಕೇಳಿದೆ, "ನಮಗೆ ಬೇಕಾದ್ದು ಆರಿಸಿಕೊಳ್ಳೋಕೆ ಆಗಲ್ವಾ?" ಅವರು ನಕ್ಕು, "ಆರಿಸಿಕೊಳ್ಳೋದಕ್ಕೆ ಅಂಗಡಿ ಇದೆಯಲ್ಲ" ಅಂದರು.

ಆ ಮಾತು ನನ್ನನ್ನು ಸೀದಾ ನಮ್ಮನೆ ಅಟ್ಟಕ್ಕೆ ಕರೆದುಕೊಂಡು ಹೋಯಿತು. ಮಳೆಗಾಲಕ್ಕೆ ಮೊದಲು ಅಮ್ಮ ಮೊಗೆಕಾಯಿಗಳನ್ನು, ಅಂದರೆ ಸಾಂಬಾರ್ ಸೌತೆಕಾಯಿಗಳನ್ನು, ಒಂದೊಂದಾಗಿ ಬಾಳೆನಾರಿನಲ್ಲಿ ಸುತ್ತಿ ಕಟ್ಟಿ ಜಂತಿಗೆ ನೇತು ಹಾಕುತ್ತಿದ್ದಳು. ಹೊಗೆ ಹಿಡಿದ ಕಪ್ಪು ಜಂತಿಗೆ ಸಾಲಾಗಿ ಹಳದಿ ಕಾಯಿಗಳು. ಒಂದಕ್ಕೊಂದು ತಾಗಬಾರದು, ತಾಗಿದರೆ ಕೊಳೆಯುತ್ತದೆ. ಆಮೇಲೆ ಮೂರು ತಿಂಗಳು ಅದೇ. ಮೊಗೆಕಾಯಿ ಹುಳಿ, ಮೊಗೆಕಾಯಿ ಪಲ್ಯ, ತಿರುಳಿನ ಗೊಜ್ಜು, ಸಿಪ್ಪೆ ಚಟ್ನಿ, ಬೇಜಾರಾದರೆ ದೋಸೆ. "ಇವತ್ತೂ ಮೊಗೆಕಾಯಾ?" ಅಂತ ಮೂತಿ ತಿರುಗಿಸಿದರೆ, "ಹಿತ್ತಲು ಕೊಟ್ಟಿದ್ದು ತಿನ್ನಬೇಕು, ನೀನು ಕೇಳಿದ್ದು ಹಿತ್ತಲಿಗೆ ಕೇಳಿಸಲ್ಲ" ಅನ್ನೋಳು. ಹಾಸ್ಟೆಲ್ ಸೇರಿದ ಮೇಲೆ ಹತ್ತು ವರ್ಷ ನಾನು ಮೊಗೆಕಾಯಿ ಮುಟ್ಟಲಿಲ್ಲ. ಈಗ ನೋಡಿ, ಅಂಥದ್ದೇ ಊಟಕ್ಕೆ ಮುಂಗಡ ಕಟ್ಟಲು ಹೊರಟಿದ್ದೇನೆ.

ಆ ಹಿತ್ತಲು ಏನಾಯಿತು? ಮಂಗ. ಮಲೆನಾಡಿನವರಿಗೆ ಇಷ್ಟು ಹೇಳಿದರೆ ಸಾಕು. ಬಯಲುಸೀಮೆಯವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಮಂಗ ತಿಂದು ಹೋದರೆ ಅಷ್ಟು ಹೊಟ್ಟೆ ಉರಿಯುವುದಿಲ್ಲ. ಒಂದು ಕಾಯಿ ಕಿತ್ತು, ಒಂದೇ ಒಂದು ಸಲ ಕಚ್ಚಿ, ಎಸೆದು, ಇನ್ನೊಂದು ಕೀಳುತ್ತದೆ. ಬಳ್ಳಿಯನ್ನು ಬುಡ ಸಮೇತ ಎಳೆಯುತ್ತದೆ. ಅಪ್ಪ ಪಟಾಕಿ ಹೊಡೆದ, ಬಲೆ ಕಟ್ಟಿದ, ನಾಯಿ ಸಾಕಿದ. ತೀರ್ಥಹಳ್ಳಿ ಕಡೆ ಒಬ್ಬ ರೈತರು ನಾಯಿಗೆ ಹುಲಿಪಟ್ಟೆ ಬಣ್ಣ ಬಳಿದ ಸುದ್ದಿ ನೀವೂ ಓದಿರಬಹುದು. ಓದಿದವರು ನಕ್ಕರು. ಅಪ್ಪ ಮಾತ್ರ ಗಂಭೀರವಾಗಿ ನಮ್ಮ ನಾಯಿಯನ್ನು ನೋಡಿದನಂತೆ. ಮಂಗಗಳಿಗೆ ಪಾರ್ಕ್ ಮಾಡುತ್ತಾರೆ ಅಂತ ಒಂದು ಕಾಲಕ್ಕೆ ದೊಡ್ಡ ಸುದ್ದಿಯಾಗಿತ್ತು. 2004ರಲ್ಲೇ ಸಾವಯವ ಕೃಷಿ ನೀತಿ ತಂದ ರಾಜ್ಯ ನಮ್ಮದು. ಆದರೆ ಹಿತ್ತಲ ಎರಡು ಸಾಲು ಬೆಂಡೆ ಹೋದರೆ ಯಾರ ಲೆಕ್ಕಕ್ಕೂ ಬರುವುದಿಲ್ಲ. ಅಮ್ಮ ಸುಮ್ನೆ ಬೀಜ ಹಾಕುವುದನ್ನೇ ಬಿಟ್ಟಳು. ಬಸಳೆ ಚಪ್ಪರ ಇದ್ದಲ್ಲಿ ಈಗ ಅಡಿಕೆ ಸಸಿ.

ಎದುರುಮನೆಯವರು ಇನ್ನೊಂದು ಪ್ರಶ್ನೆ ಕೇಳಿದ್ದರು, "ನಿಮ್ಮ ತಂದೆಯವರ ತೋಟ ಸಾವಯವವಾ?" ಹೌದು ಅನ್ನಲು ಬಾಯಿ ತೆರೆದವಳು ತಡೆದೆ. ಅಪ್ಪ ಹಾಕುವುದು ಸಗಣಿ ಗೊಬ್ಬರ, ಸೊಪ್ಪು. ಆದರೆ ಮಳೆಗಾಲ ಬಂತೆಂದರೆ ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಸಲೇಬೇಕು. ಒಂದು ಕೆಜಿ ಮೈಲುತುತ್ತು (ತಾಮ್ರದ ಸಲ್ಫೇಟ್), ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಬೋರ್ಡೋ ದ್ರಾವಣ. ಔಷಧಿ ಹೊಡೆಯುವ ದಿನ ನಮ್ಮ ಅಂಗಳವೆಲ್ಲ ನೀಲಿ. ಸ್ವಲ್ಪ ಹುಡುಕಿ ನೋಡಿದರೆ ತಾಮ್ರದ ಔಷಧಿಗೆ ಕೆನಡಾದ ಸಾವಯವ ನಿಯಮದಲ್ಲೂ ಜಾಗ ಇದೆ, ಮಣ್ಣಲ್ಲಿ ತಾಮ್ರ ಜಾಸ್ತಿಯಾಗದಂತೆ ನೋಡಿಕೊಳ್ಳಬೇಕು ಅಷ್ಟೆ. ಇನ್ನೂ ಮಜಾ ಏನೆಂದರೆ, ಹೆಚ್ಚು ಕಡಿಮೆ ನೂರು ವರ್ಷದ ಹಿಂದೆ ಮೈಸೂರು ಸಂಸ್ಥಾನದಲ್ಲಿ ಕೊಳೆರೋಗದ ಬೆನ್ನು ಹತ್ತಿ, ಅಡಿಕೆಗೆ ಇದೇ ದ್ರಾವಣ ಹೊಡೆಯಿರಿ ಅಂತ ತೋರಿಸಿಕೊಟ್ಟ ಲೆಸ್ಲಿ ಕೋಲ್ಮನ್ ಕೆನಡಾದವರೇ. ನಾನು ಇದನ್ನೆಲ್ಲ ಹೇಳಿದೆ. ಅವರು ಕೇಳಿಸಿಕೊಂಡು, "ಅಂದರೆ ಹೌದೋ, ಅಲ್ಲವೋ?" ಅಂದರು.

ಇಲ್ಲಿ ಸಾವಯವ ಸರ್ಟಿಫಿಕೇಟ್ ಬೇಕೆಂದರೆ 36 ತಿಂಗಳು ಆ ನೆಲಕ್ಕೆ ನಿಷೇಧಿತ ಯಾವುದನ್ನೂ ಹಾಕಿರಬಾರದು. ಪೆಟ್ಟಿಗೆ ಕೊಡುವವರ ಹತ್ತಿರ ಸರ್ಟಿಫಿಕೇಟ್ ಇದೆ. ಆದರೂ ನಾನು ಕೊನೆಗೆ ದುಡ್ಡು ಕಟ್ಟಿದ್ದು ಅದಕ್ಕಲ್ಲ. ಅವರ ಕಾಗದದಲ್ಲಿ ಒಂದು ಸಾಲಿತ್ತು: ಫಸಲಿನಲ್ಲಿ ಪಾಲು, ನಷ್ಟದಲ್ಲೂ ಪಾಲು. ಈ ಪದ್ಧತಿ ಜಪಾನಿನಲ್ಲಿ 1970ರ ದಶಕದಲ್ಲೇ ಇತ್ತಂತೆ, ಅಮೆರಿಕದಲ್ಲಿ ಶುರುವಾದದ್ದು 1986ರಲ್ಲಿ. ಆ ಸಾಲು ಓದುವಾಗ ಗೇಟಿನ ಹತ್ತಿರ ಚೀಲ ಹಿಡಿದು ನಿಂತ ಅಮ್ಮನೇ ಕಣ್ಣ ಮುಂದೆ. ಇವರಿಗೆ ಇದನ್ನೆಲ್ಲ ಹೇಳಲಿಲ್ಲ. ಅರ್ಧ ಪಾಲು ತಗೊಂಡೆ ಅಂದೆ.

ಜೂನ್‌ನಲ್ಲಿ ಮೊದಲ ಪೆಟ್ಟಿಗೆ ಬಂತು. ಮೂಲಂಗಿ, ಬೆಳ್ಳುಳ್ಳಿ ದಂಟು, ಗಡಸು ಎಲೆಯ ಕೇಲ್ ಸೊಪ್ಪು, ಮತ್ತೆ ನಮ್ಮ ನವಿಲುಕೋಸು! ಬೆಳ್ಳುಳ್ಳಿ ದಂಟಿನ ಚಟ್ನಿ ಬಹಳ ಚೆನ್ನಾಗಿ ಬಂತು. ಕೇಲ್ ತಂಬುಳಿ ಬಗ್ಗೆ ಮಾತಾಡುವುದು ಬೇಡ. ಎರಡನೇ ವಾರವೂ ಕೇಲ್, ಮೂರನೇ ವಾರವೂ ಕೇಲ್. "ಇವತ್ತೂ ಕೇಲಾ?" ಅಂತ ಪುಟ್ಟಿ ಮೂತಿ ತಿರುಗಿಸಿದಳು. ನನಗೆ ಒಳಗೊಳಗೇ ಖುಷಿ.

ನಾಲ್ಕನೇ ವಾರ ಪೆಟ್ಟಿಗೆಯಲ್ಲಿ ಒಂದು ಚೀಟಿ. ಜಿಂಕೆಗಳು ಬೇಲಿ ಹಾರಿ ಬಂದು ಲೆಟಿಸ್ ಪೂರ್ತಿ ಮುಗಿಸಿವೆ, ಈ ಸಲ ಇಷ್ಟೇ, ಕ್ಷಮಿಸಿ. ಭಾನುವಾರ ಅಮ್ಮನಿಗೆ ಹೇಳಿದೆ.

"ಹಾಗಾದ್ರೆ ಆ ವಾರದ ದುಡ್ಡು?"

"ಮೊದಲೇ ಕೊಟ್ಟಾಗಿದೆಯಲ್ಲಮ್ಮ. ತಿಂದರೂ ಅಷ್ಟೇ, ತಿನ್ನದಿದ್ದರೂ ಅಷ್ಟೇ."

"ಅಲ್ಲ ಮಾರಾಯ್ತಿ, ಜಿಂಕೆ ತಿಂದದ್ದಕ್ಕೂ ನೀವೇ ಕೊಡೋದಾ?"

"ಹೂಂ. ಎಲ್ಲ ಮನೆಯವರೂ ಸೇರಿ."

ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಹೊರಗೆ ಮಳೆ ಸದ್ದು ಕೇಳುತ್ತಿತ್ತು. "ಎಷ್ಟು ಮನೆ?" ಅಂತ ಕೇಳಿದಳು. ನಾನು ಹೇಳುವಷ್ಟರಲ್ಲಿ ನಾಯಿ ಬೊಗಳಿತು. "ತಡಿ, ಬಾಳೆಗೊನೆಗೆ ಬಂದ್ವು" ಅಂತ ಫೋನನ್ನು ಜಗಲಿ ಮೇಲೇ ಬಿಟ್ಟು ಎದ್ದಳು. ಪರದೆ ತುಂಬ ಹಂಚಿನ ಮಾಡು. ದೂರದಲ್ಲಿ ತಗಡು ಬಡಿಯುವ ಸದ್ದು.