ಸದ್ದಡಗಿಸುವ ಇಯರ್‌ಬಡ್ ಮತ್ತು ತಂಬೂರಿ

ಇಪ್ಪತ್ತು ಸಾವಿರ ರೂಪಾಯಿಗೂ ಮೇಲೆ ಕೊಟ್ಟು ಕೊಂಡ ವೈರ್‌ಲೆಸ್ ಇಯರ್‌ಬಡ್‌ಗೆ ನಿಜವಾದ ಪರೀಕ್ಷೆ ಒದಗಿದ್ದು, ಕೆಲಸದ ಮೇಲೆ ಬೆಂಗಳೂರಿನಿಂದ ಧಾರವಾಡಕ್ಕೆ ವಂದೇ ಭಾರತ್ ರೈಲಿನಲ್ಲಿ ಹೊರಟ ದಿನ. ಸದ್ದಡಗಿಸುವ ವ್ಯವಸ್ಥೆಯನ್ನು ಚಾಲೂ ಮಾಡಿದೊಡನೆ ಎ.ಸಿ.ಯ ಮೊರೆತವೂ ಗಾಲಿಗಳ ಸದ್ದೂ ತಗ್ಗಿದವು. ಹಿಂದಿನ ಸೀಟಿನವರು ಫೋನಿನಲ್ಲಿ ನಡೆಸಿದ್ದ ಸೈಟಿನ ವ್ಯವಹಾರ ಮಾತ್ರ ಚದರಡಿಯ ದರದ ಸಮೇತ ಕೇಳುತ್ತಲೇ ಇತ್ತು. ಇದನ್ನು ನಾನು ದೋಷವೆನ್ನಲಾರೆ. ಹೊರಗಿನ ಸದ್ದನ್ನು ಮೈಕ್‌ನಿಂದ ಹಿಡಿದು, ಅದಕ್ಕೆ ವಿರುದ್ಧವಾದ ಅಲೆಯನ್ನು ಕಿವಿಯೊಳಗೆ ಹುಟ್ಟಿಸುವ ಈ ತಂತ್ರ, ಒಂದೇ ಸಮನೆ ಮೊರೆಯುವ ಕಡಿಮೆ ಆವರ್ತನದ ಸದ್ದನ್ನು ಚೆನ್ನಾಗಿ ಅಡಗಿಸುತ್ತದೆ. ಕ್ಷಣಕ್ಷಣಕ್ಕೂ ಬದಲಾಗುವ ಮಾತು ಅದಕ್ಕೆ ಅಷ್ಟು ಸುಲಭವಾಗಿ ಸಿಗುವುದಿಲ್ಲ. ಮಾತನ್ನು ತಡೆಯಲು ಆ ತಂತ್ರಕ್ಕಿಂತ ಕಿವಿಯನ್ನು ಬಿಗಿಯಾಗಿ ಮುಚ್ಚುವ ಸಿಲಿಕೋನ್ ತುದಿಯೇ ಮೇಲು. ಡಬ್ಬಿಯಲ್ಲಿದ್ದ ದೊಡ್ಡ ಅಳತೆಯ ತುದಿಗಳನ್ನು ಹಾಕಿಕೊಂಡ ಮೇಲೆ ಮಾತೂ ತಗ್ಗಿತು, ಕೇಳುತ್ತಿದ್ದ ಸಂಗೀತದಲ್ಲಿ ತಬಲಾ ಜೋಡಿಯ ಡಗ್ಗಾದ ನಾದಕ್ಕೂ ತೂಕ ಬಂತು. ಹಿಂದೂಸ್ತಾನಿ ಗಾಯಕ ಮಲ್ಲಿಕಾರ್ಜುನ ಮನಸೂರರ ಹಳೆಯ ಧ್ವನಿಮುದ್ರಣವೊಂದರಲ್ಲಿ ತಂಬೂರಿಯ ತಂತಿಗಳು ಬೇರೆಬೇರೆಯಾಗಿ ಕೇಳಿದವು, ಜೊತೆಗೆ ಆ ಕಾಲದ ಟೇಪಿನ ಸುಯ್ಲೂ ಕೇಳಿತು. ಅದನ್ನು ಮರೆಮಾಚದಿರುವುದು ನನ್ನ ಮಟ್ಟಿಗೆ ಗುಣವೇ.

ನಿಜವಾದ ಕೊರತೆ ಗೊತ್ತಾದದ್ದು ಸಂಜೆ, ಬೆಂಗಳೂರಿನಲ್ಲಿರುವ ಸಂಗೀತ ಗುರುಗಳಿಗೆ ವಿಡಿಯೊ ಕರೆಯಲ್ಲಿ ಲಾಡ್ಜ್‌ನ ಕೋಣೆಯಿಂದಲೇ ಪಾಠ ಒಪ್ಪಿಸಲು ಕುಳಿತಾಗ. ಪಕ್ಕದಲ್ಲಿ ಎಲೆಕ್ಟ್ರಾನಿಕ್ ತಂಬೂರಿ ನುಡಿಯುತ್ತಿದ್ದರೂ, "ಶ್ರುತಿ ಯಾಕೆ ನಿಲ್ಲಿಸಿದ್ರಿ?" ಎಂದು ಅವರು ಕೇಳಿದರು. ಕರೆಯ ವೇಳೆ ಮಾತನ್ನು ಉಳಿಸಿ ಮಿಕ್ಕದ್ದನ್ನು ಗದ್ದಲವೆಂದು ಅಳಿಸುವ ತಂತ್ರಾಂಶಕ್ಕೆ, ಎಡೆಬಿಡದೆ ನುಡಿಯುವ ತಂಬೂರಿಗೂ ಫ್ಯಾನಿನ ಸದ್ದಿಗೂ ಭೇದವಿಲ್ಲ. ನಾನು ಎಳೆದು ನಿಲ್ಲಿಸಿದ ಷಡ್ಜ ಸ್ವರವನ್ನೂ ಅದು ನಡುವೆ ಕತ್ತರಿಸುತ್ತಿತ್ತಂತೆ. ಸಾಲದ್ದಕ್ಕೆ, ಬ್ಲೂಟೂತ್ ಬಡ್‌ನ ಮೈಕ್ ಚಾಲೂ ಆದೊಡನೆ ಸಂಪರ್ಕ ಕರೆಯ ವಿಧಾನಕ್ಕೆ ಹೊರಳುತ್ತದೆ. ನನ್ನದರಂಥ ಬಡ್‌ಗಳಲ್ಲಿ ಆಗ ಧ್ವನಿ 16 ಕಿಲೋಹರ್ಟ್ಸ್ ಮಾದರಿ ದರದಲ್ಲಿ, ಅಂದರೆ ಸೆಕೆಂಡಿಗೆ 16 ಸಾವಿರ ಬಾರಿ ಅಳೆದ ರೂಪದಲ್ಲಿ ಸಾಗುವುದರಿಂದ, ಅದರ ಅರ್ಧವಾದ 8 ಕಿಲೋಹರ್ಟ್ಸ್‌ಗಿಂತ ಮೇಲಿನ ನಾದಾಂಶಗಳು ಉಳಿಯುವುದೇ ಇಲ್ಲ. ಬೆಳಿಗ್ಗೆ ಅಷ್ಟು ತುಂಬಿ ಬಂದಿದ್ದ ನಾದ ಸಂಜೆ ಹಳೆಯ ಟ್ರಂಕ್ ಕಾಲ್‌ನಂತೆ ಬಡಕಲಾಗಿತ್ತು. ಕೊನೆಗೆ ಚೀಲದಲ್ಲಿದ್ದ ವೈರಿನ ಅಗ್ಗದ ಇಯರ್‌ಫೋನ್ ಸಿಕ್ಕಿಸಿ, ವಿಡಿಯೊ ಕರೆಯ ಆ್ಯಪ್‌ನಲ್ಲಿ ಗದ್ದಲ ನಿವಾರಣೆಯನ್ನು ಬಂದ್ ಮಾಡಿದ ಮೇಲೆ ತಂಬೂರಿ ಅವರನ್ನು ತಲುಪಿತು. ಆಮೇಲೆ ಗುರುಗಳು ನನ್ನ ಗಾಂಧಾರ ಇಳಿದಿದೆಯೆಂದು ನಿಲ್ಲಿಸಿದ್ದು ಬೇರೆ ಮಾತು.

ಬಾಳಿಕೆಯ ವಿಷಯದಲ್ಲೂ ನನಗೆ ತಕರಾರಿದೆ. ಬಡ್‌ನೊಳಗಿನ ಪುಟ್ಟ ಲಿಥಿಯಂ ಬ್ಯಾಟರಿ ಕೆಲವು ವರ್ಷಗಳಲ್ಲಿ ಸೊರಗುವುದು ಖಚಿತ, ಅಂಟಿಸಿ ಮುಚ್ಚಿರುವುದರಿಂದ ಅದನ್ನು ನಾವೇ ಬದಲಿಸುವಂತಿಲ್ಲ. ಬೆಲೆಯನ್ನು ಆ ಕೆಲವೇ ವರ್ಷಗಳಿಗೆ ಹಂಚಿ ನೋಡಿದರೆ, ರೈಲಿನಲ್ಲಿ ಸಿಗುವ ನೆಮ್ಮದಿ ನನಗೆ ದುಬಾರಿಯೆಂದೇ ತೋರುತ್ತದೆ.